ಒಳಸುತ್ತು

"ನಬೋರ್ ಮಾವ, ಹೊರಗೆ ತಿರುಗಿಸ್ಬೇಡ. ನೇರ ಒಳಗೆ ನಡಿ," ಎಂದು ದೊಮಿತಿಲಾ ಶವಪೆಟ್ಟಿಗೆಯ ಮುಂದೆ ಕೈ ಅಡ್ಡ ಹಿಡಿದಳು.

ಹೊತ್ತಿದ್ದ ನಾಲ್ವರೂ ಚೌಕದ ಮೂಲೆಯಲ್ಲೇ ನಿಂತರು. ಸಾನ್ ಬೆನಿತೋದಲ್ಲಿ ಯಾರೇ ಸತ್ತರೂ ಇಗರ್ಜಿಯಿಂದ ಸ್ಮಶಾನಕ್ಕೆ ಹೋಗುವ ಮೊದಲು ಚೌಕದ ನಡುವಿನ ವಾದ್ಯಮಂಟಪಕ್ಕೆ ಒಂದು ಸುತ್ತು ಬರಬೇಕು. ಸುತ್ತುಗಳು ಎರಡು. ಹೂಗಿಡ, ಬೆಂಚುಗಳ ನಡುವಿನ ಒಳಸುತ್ತು ದೊಡ್ಡ ಮನೆಯವರದು. ಬೀದಿಗೆ ತಾಗಿದ ಹೊರಸುತ್ತು ಉಳಿದವರದು. ಹಾಗಂತ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ.

"ನಿನ್ನ ದೊಡ್ಡಮ್ಮ ಹಗುರಾನೇ ಇದ್ಲು ಕಣೆ. ನಿನ್ನ ಹಟ ಸೇರಿ ಭಾರ ಆಗಿದ್ದಾಳೆ," ಎಂದ ಚಪ್ಪಲಿ ಹೊಲಿಯುವ ನಬೋರ್.

"ಎಲ್ರೂ ಸಮ ಅಂತ ಕ್ರಾಂತಿ ಆಗಿ ನಲವತ್ತು ವರ್ಷ ಆಯ್ತಲ್ಲ ಮಾವ?"

"ಆಯ್ತು. ಈ ಚೌಕಕ್ಕೆ ಯಾರೂ ಹೇಳಿಲ್ಲ."

ಹಿಂದೆ ಬಂದಿದ್ದ ಅಗಸಗಿತ್ತಿಯರು, ಕೆಲಸದ ಹೆಂಗಸರು ನೆಲ ನೋಡಿದರು. ಮೂರು ದಿನದ ಹಿಂದೆ ದೊಡ್ಡಮ್ಮ ಹಸಿಂತಾಳ ಬತ್ತಿದ ಕೈ ಹಿಡಿದು ದೊಮಿತಿಲಾ ಮಾತು ಕೊಟ್ಟಿದ್ದಳು: ಕೊನೆಯ ಸುತ್ತು ಒಳಗೇ.

*

ಕ್ರಾಂತಿಗೂ ಮೊದಲಿನ ಮಾತು. ಆಗ ಹಸಿಂತಾಗೆ ಹದಿನೆಂಟು. ಭಾನುವಾರ ಸಂಜೆ ಹೆಣ್ಣುಗಳು ಒಂದು ದಿಕ್ಕಿಗೆ, ಗಂಡುಗಳು ಎದುರು ದಿಕ್ಕಿಗೆ ಸುತ್ತುವ ಹೊತ್ತು. ಹುಡುಗ ಕೊಟ್ಟ ಹೂ ಮುಂದಿನ ಸುತ್ತಿನಲ್ಲೂ ಹುಡುಗಿಯ ಕೈಯಲ್ಲಿದ್ದರೆ ಒಪ್ಪಿದಂತೆ. ದೊಡ್ಡ ಮನೆಯೊಡತಿ ದೋನ್ಯಾ ಲಿಯೊಕಾದಿಯಾಳ ಬಳಿ ಇಸ್ತ್ರಿ ಮಾಡುತ್ತಿದ್ದ ಹಸಿಂತಾಳ ಕಾಲು, ವಾದ್ಯದ ಗುಂಗಿನಲ್ಲಿ ಯಾವಾಗ ಒಳಸುತ್ತಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಊರಿಗೆ ಹೊಸಬನಾದ ತರುಣನೊಬ್ಬ ಅವಳ ಕೈಗೆ ಬಿಳಿ ಹೂವೊಂದನ್ನು ಇಟ್ಟ. ಒಂದು ಸುತ್ತು ಅವಳು ನೆಲದ ಮೇಲೆ ನಡೆಯಲೇ ಇಲ್ಲ.

ಎರಡನೇ ಸುತ್ತಿನಲ್ಲಿ ಬೆಂಚಿನಿಂದ ದೋನ್ಯಾಳ ಸಕ್ಕರೆಯಂಥ ದನಿ ಬಂತು. "ಹಸಿಂತಾ, ಯಾರು ಬೀಳಿಸ್ಕೊಂಡ ಹೂವೇ ಅದು? ಅವರಿಗೆ ಕೊಟ್ಬಿಡು. ಕೊಟ್ಟು ಮನೆಗೆ ಹೋಗು, ಬಟ್ಟೆ ರಾಶಿ ಬಿದ್ದಿದೆ."

ಹುಡುಗಿಯರು ನಕ್ಕರು. ತರುಣ ಒಂದು ಗಳಿಗೆ ತಡೆದ. ಆಮೇಲೆ ಅವನೂ ನಕ್ಕು ಹೂ ವಾಪಸು ಇಸಿದುಕೊಂಡ.

ಹಸಿಂತಾ ಮತ್ತೆ ಚೌಕಕ್ಕೆ ಕಾಲಿಡಲಿಲ್ಲ. ಸಾಯುವವರೆಗೂ ಇಸ್ತ್ರಿ ಬಟ್ಟೆಯ ಬುಟ್ಟಿ ಹೊತ್ತು ಹಿತ್ತಲ ಓಣಿಗಳಲ್ಲೇ ಬಳಸಿ ಓಡಾಡಿದಳು.

*

"ಹೋಗ್ಲಿ, ಸತ್ತೋರನ್ನ ಯಾರು ಬಯ್ತಾರೆ," ಎಂದು ನಬೋರ್ ಉಸಿರುಬಿಟ್ಟ. ಪೆಟ್ಟಿಗೆ ಒಳಸುತ್ತಿಗೆ ಬಂತು.

ಮೊದಲ ಬೆಂಚಿನಲ್ಲೇ ದೋನ್ಯಾ ಕೂತಿದ್ದಳು, ಈಗ ಎಂಬತ್ತರ ಮುದುಕಿ. ದೊಮಿತಿಲಾ ಅವಳ ಮುಂದೆ ನಿಂತಳು.

"ನಮ್ಮ ದೊಡ್ಡಮ್ಮ, ಅಮ್ಮಾವ್ರೆ."

"ಗೊತ್ತಾಯ್ತಮ್ಮ. ಕಾಲರಿಗೆ ಗಂಜಿ ಹಾಕೋದ್ರಲ್ಲಿ ಅವಳ ಕೈ ಯಾರಿಗೂ ಬರ್ಲಿಲ್ಲ. ಪಾಪ. ನಡೀರಿ, ನಡೀರಿ." ದೋನ್ಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಕೊಡೆ ಬಿಚ್ಚಿ, ಮೊಮ್ಮಗಳ ತೋಳು ಹಿಡಿದು ಎದ್ದಳು. "ಬಾ ಮಗು, ನಾವು ಹೊರಗಡೆ ಸುತ್ತೋಣ. ಅಲ್ಲಿ ಗಾಳಿ ಚೆನ್ನಾಗಿದೆ."

ಪಕ್ಕದ ಬೆಂಚಿನವರು ಎದ್ದರು. ಅದರಾಚೆಯವರೂ ಎದ್ದರು. ಯಾರೂ ಅವಸರ ಮಾಡಲಿಲ್ಲ. ಬೆನ್ನಿನಲ್ಲಿ ಮನೆತನದ ಹೆಸರು ಕೊರೆದ ಕಬ್ಬಿಣದ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಹೊತ್ತವರ ಹೆಜ್ಜೆ ಚುರುಕಾಯಿತು.

ದೊಮಿತಿಲಾ ಹಿಂತಿರುಗಿ ನೋಡಿದಳು. ಪೆಟ್ಟಿಗೆಯ ಹಿಂದೆ ಒಬ್ಬರೂ ಇರಲಿಲ್ಲ. ಅವಳ ಜನ ಹೊರಸುತ್ತಿನಲ್ಲೇ ಉಳಿದಿದ್ದರು. ದೋನ್ಯಾಳ ಕೊಡೆ ಹತ್ತಿರ ಬಂದಂತೆ ಅವರು ಒಬ್ಬೊಬ್ಬರಾಗಿ ಕಲ್ಲಂಚಿನಿಂದ ಕೆಳಗಿಳಿದು, ಗ್ವಾದಲಹಾರಾ ನಗರಕ್ಕೆ ಹೋಗುವ ಬಸ್ಸು ಹಾರನ್ ಹೊಡೆಯುತ್ತಿದ್ದ ಬೀದಿಯಲ್ಲಿ, ತಲೆ ತಗ್ಗಿಸಿ ದಾರಿ ಬಿಟ್ಟು ನಿಲ್ಲುತ್ತಿದ್ದರು.