ಕಿರುಗುಟ್ಟದ ಬ್ರೇಕು

ನಮ್ಮವರಿಗೆ ಕಿರುಗುಟ್ಟುವ ಸದ್ದು ಆಗಿಬರುವುದಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಅರ್ಧ ಕೆಲಸವನ್ನು ಕಿವಿಯಿಂದಲೇ ಮಾಡುವವರು. ಎಲ್ಲಾದರೂ ಏನಾದರೂ ಕಿರ್ ಎಂದರೆ ತಮ್ಮನ್ನೇ ಯಾರೋ ಬೈದ ಹಾಗೆ ಎದ್ದುಹೋಗಿ ಉದ್ದ ಮೂತಿಯ ಎಣ್ಣೆ ಡಬ್ಬಿ ತರುತ್ತಾರೆ. ಬಾಗಿಲು, ಗೇಟು, ಫ್ಯಾನು, ನನ್ನ ಕತ್ತರಿ, ಒಮ್ಮೆ ನಮ್ಮ ಅಮ್ಮ ಕೂತಿದ್ದ ಮಡಚುವ ಕುರ್ಚಿ, ಯಾವುದನ್ನೂ ಬಿಟ್ಟವರಲ್ಲ. ಎಣ್ಣೆ ಹಾಕಿದ ಮೇಲೂ ಅವರ ಕೈ ಸುಮ್ಮನಿರದು. ಕೆಂಪು ಉಣ್ಣೆ ಬಟ್ಟೆಯ ಉಗುರಿನಷ್ಟು ಚೂರಿಗೆ ದಾರ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಸದ್ದು ಬಂದ ಸಂದಿಗೆ ಸಿಕ್ಕಿಸುತ್ತಾರೆ. ಅದು ಎಣ್ಣೆ ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆಯಂತೆ. ಈ ಕೆಂಪು ಚೂರಿನ ಉಪಾಯ ಅವರು ತಾವೇ ಕಂಡುಕೊಂಡದ್ದು, ಬೇರೆ ಯಾವ ರಿಪೇರಿಯವನೂ ಮಾಡುವುದನ್ನು ನಾನು ನೋಡಿಲ್ಲ. ನನ್ನ ಹೊಲಿಗೆ ಅಂಗಡಿಯ ಒಂದೊಂದು ಯಂತ್ರದ ಹೊಟ್ಟೆಯಲ್ಲೂ ಒಂದೊಂದು ಇದೆ.

ಅಣ್ಣ ಅವರನ್ನು ಎಣ್ಣೆ ಡಾಕ್ಟರ್ ಎಂದು ಕರೆಯುತ್ತಾನೆ. ಒಂದು ತೊಟ್ಟೂ ಕುಡಿಯದ ಮನುಷ್ಯನಿಗೆ ಆ ಹೆಸರು ಬಿದ್ದದ್ದು ಕೇಳಿ ಅಕ್ಕಪಕ್ಕದವರು ಏನು ತಿಳಿದುಕೊಂಡಿದ್ದಾರೋ, ನಾನು ವಿಚಾರಿಸಲು ಹೋಗಿಲ್ಲ.

ಅಣ್ಣನಿಗೂ ಒಂದು ಹೆಸರಿದೆ, ರಾಕೆಟ್. ನನಗೆ ಮದುವೆಯಾದ ಹೊಸತರಲ್ಲಿ ಅವನು ತನ್ನ ಮೋಟರ್ ಸೈಕಲ್ಲಿನಲ್ಲಿ ಇಳಿಜಾರು ಇಳಿಯುತ್ತಾ, ತಿರುವಿನಲ್ಲಿ ನಿಲ್ಲಿಸಲಾಗದೆ ನೇರವಾಗಿ ಗೋಡೆಗೆ ಗುದ್ದಿದ. ಬಲಗಾಲಿನ ಮಂಡಿ ಇವತ್ತಿಗೂ ಮಡಚುವುದಿಲ್ಲ. "ಬ್ರೇಕ್ ಹಿಡಿದೆ, ಗಾಡಿ ನಿಲ್ಲಲಿಲ್ಲ" ಎಂದು ಹಾಸಿಗೆಯ ಮೇಲಿಂದ ಬಂದವರಿಗೆಲ್ಲ ಹೇಳಿದ. ಎಲ್ಲರೂ ಹೂಂಗುಟ್ಟಿದರು, ಒಬ್ಬರೂ ನಂಬಲಿಲ್ಲ. ವಯಸ್ಸಿನ ಹುಡುಗ, ಸ್ವಂತ ಗಾಡಿ, ಇಳಿಜಾರು ರಸ್ತೆ. ಇನ್ನೇನು ಆಗಿರುತ್ತದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಮಾತುಕತೆ ಮುಗಿಸಿದ್ದ ಹುಡುಗಿಯ ಮನೆಯವರು ದುಡುಕಿನವನು ಎಂದು ಹಿಂದೆ ಸರಿದರು, ಆಮೇಲೆ ಅವನು ಮದುವೆಯ ಮಾತೇ ಎತ್ತಲಿಲ್ಲ. ಅಮ್ಮನಂತೂ ಅವನ ಕೈಗೆ ಗಾಜಿನ ಲೋಟ ಕೊಡುವಾಗಲೂ "ಜೋಪಾನ" ಎನ್ನುತ್ತಿದ್ದಳು. ನನ್ನ ಮಗಳು ಮಾತು ಕಲಿತಾಗ ಅವಳಿಗೂ ರಾಕೆಟ್ ಮಾವ ಎಂದೇ ಹೇಳಿಕೊಟ್ಟೆವು.

ಬರಬರುತ್ತಾ ಅವನು ಬ್ರೇಕಿನ ಮಾತು ಬಿಟ್ಟುಬಿಟ್ಟ. ಒಮ್ಮೆ ನಾನು ಗುಂಡಿ ಹಾಕುತ್ತಾ ಕೂತಿದ್ದಾಗ, ಕೇಳದೇ ಇದ್ದರೂ ಹೇಳಿದ್ದ: "ಎಲ್ರೂ ಹೇಳಿ ಹೇಳಿ, ಹಿಡಿದಿದ್ನೋ ಇಲ್ವೋ ಅಂತ ಈಗ ನಂಗೇ ಗೊತ್ತಾಗಲ್ಲ ಕಣೇ." ನನಗೆ ಸಂಕಟವಾಯಿತು. ಆದರೂ ಮರುದಿನ ಅವನನ್ನು ರಾಕೆಟ್ ಎಂದೇ ಕರೆದೆ.

ಗಾಡಿ ಅವನ ಮನೆಯ ಹಿಂಬದಿಯ ಕೋಣೆಯಲ್ಲಿ ಹಳೆಯ ಪರದೆ ಹೊದ್ದು ನಿಂತಿತ್ತು. ಅಮ್ಮ ಇರುವಷ್ಟು ದಿನ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅಮ್ಮ ಹೋದ ಮೇಲೆ ಅಣ್ಣ ಅದನ್ನು ನನ್ನ ಮಗಳಿಗೆ ಕೊಟ್ಟ. "ಓಡಿಸ್ಕೊ, ಆದ್ರೆ ಮೊದಲು ನಿಮ್ಮಪ್ಪನ ಕೈಲಿ ಮುಂದಿನ ಬ್ರೇಕ್ ಬಿಚ್ಚಿಸು. ಹಿಂದಿಂದು ಆಗ್ಲೇ ಹೆಸರಿಗೆ ಮಾತ್ರ ಇತ್ತು" ಎಂದ. ಸಾಮಾನು ಸಾಗಿಸುವ ಗಾಡಿಯಲ್ಲಿ ತಂದು ನನ್ನ ಅಂಗಡಿಯ ನಡುವೆ ನಿಲ್ಲಿಸಿದರು. ಬೇರೆಲ್ಲೂ ಜಾಗವಿರಲಿಲ್ಲ. ಅಳತೆ ಕೊಡಲು ಬಂದವರು ಅಡ್ಡ ತಿರುಗಿ ಹೊಟ್ಟೆ ಒಳಗೆಳೆದುಕೊಂಡು ದಾಟಬೇಕಾಯಿತು. ಅಂಥ ಹೊಟ್ಟೆಯ ಅಳತೆ ಹಿಡಿದು ಹೊಲಿದ ಬಟ್ಟೆಗಳು ಆಮೇಲೆ ಬಿಗಿಯಾದದ್ದಕ್ಕೆ ನಾನು ಜವಾಬ್ದಾರಳಲ್ಲ.

ನಮ್ಮವರು ಬಾಗಿದ್ದ ಮುಂದಿನ ಕಂಬಿಗಳನ್ನು ನೆಟ್ಟಗೆ ಮಾಡಿಸಿದರು, ಟ್ಯಾಂಕಿನ ತುಕ್ಕು ತೆಗೆದರು, ವೈರು ಬದಲಾಯಿಸಿದರು. ಬ್ರೇಕನ್ನು ಕೊನೆಗೆ ಉಳಿಸಿಕೊಂಡಿದ್ದರು. ಅದನ್ನು ಬಿಚ್ಚುವ ದಿನ ಅಣ್ಣ ಬಂದು ಬಾಗಿಲ ಹತ್ತಿರ ಕಾಲು ಚಾಚಿ ಕೂತ. ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಪರೀಕ್ಷೆಯ ಫಲಿತಾಂಶ ಕೇಳಲು ಬಂದವನಂತೆ ಕಂಡ.

ನಮ್ಮವರು ಚಕ್ರ ಕಳಚಿ ಪಕ್ಕದ ಪ್ಲೇಟನ್ನು ಮೆಲ್ಲಗೆ ಎಳೆದರು. ನಾನು ಕೆಳಗೆ ತಟ್ಟೆ ಹಿಡಿದಿದ್ದೆ. ಒಳಗಿನ ಬ್ರೇಕ್ ಶೂ ಎರಡೂ ಕಪ್ಪಗೆ ಹೊಳೆಯುತ್ತಿದ್ದವು, ಮೇಲೆ ಅಂಟಾದ ಕರಿ ಹಿಟ್ಟು. ಆಮೇಲೆ ತಟ್ಟೆಗೆ ಟಪ್ ಎಂದು ಏನೋ ಬಿತ್ತು. ಉಗುರಿನಷ್ಟು ಉಣ್ಣೆ ಬಟ್ಟೆಯ ಚೂರು, ಸುತ್ತ ದಾರ. ಬಣ್ಣ ಮಾಸಿ ಕಪ್ಪಾಗಿತ್ತು. ದಾರ ಬಿಗಿದಿದ್ದ ಗೆರೆಯಲ್ಲಿ ಮಾತ್ರ ಕೆಂಪು ಉಳಿದಿತ್ತು.

ನಾನು ನಮ್ಮವರ ಮುಖ ನೋಡಿದೆ. ಅವರು ತಟ್ಟೆ ನೋಡಿದರು. ಆಮೇಲೆ ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಏನಾಗಿದೆ?" ಎಂದ ಅಣ್ಣ ಕೂತಲ್ಲಿಂದಲೇ.

"ಲೈನರ್ ಹೋಗಿದೆ" ಎಂದರು ನಮ್ಮವರು. "ಹೊಸದು ಹಾಕಿಸ್ಬೇಕು."

"ಅಷ್ಟೇನಾ?"

"ನೋಡ್ತೀನಿ."

ಅಣ್ಣ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಬೇರೆ ಮಾತೇನೂ ಬರಲಿಲ್ಲವೆಂದು ಎದ್ದು, ಕಾಲೆಳೆಯುತ್ತಾ ಹೋದ. ನನಗೆ ಪಿತ್ತ ನೆತ್ತಿಗೇರಿತು. ಆದರೂ ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಕಾದವಳು ನಾನಲ್ಲ.

ಶೂಗಳನ್ನು ತೆಗೆದುಕೊಂಡು, ಅವುಗಳಿಗೆ ಲೈನರ್ ಎಂಬ ಉಜ್ಜುವ ಪಟ್ಟಿ ಅಂಟಿಸುವವನ ಅಂಗಡಿಗೆ ಇಬ್ಬರೂ ಹೋದೆವು. ನಾನು ಸುಮ್ಮನೆ ಹೋದದ್ದಲ್ಲ, ಕಾವಲಿಗೆ ಹೋದದ್ದು. ಅವನು ಅವುಗಳನ್ನು ಮೂಸಿ ನೋಡಿ ನಕ್ಕ. "ಯಾವ ಪುಣ್ಯಾತ್ಮ ಸ್ವಾಮಿ ಇದಕ್ಕೆ ಎಣ್ಣೆ ಕುಡಿಸಿದ್ದು? ಇದು ಉಜ್ಜಿ ಹಿಡಿಯೋ ವಸ್ತು. ಎಣ್ಣೆ ಕೈಲಿ ಮುಟ್ಟೋದೂ ತಪ್ಪು. ಇದನ್ನ ಹಿಡ್ಕೊಂಡು ಇಳಿಜಾರು ಇಳಿದ್ರೆ ಬೆಣ್ಣೆ ಹಿಡ್ಕೊಂಡು ಇಳಿದಂಗೆ."

ನಮ್ಮವರು ಯಂತ್ರ ಎಂದಮೇಲೆ ಎಣ್ಣೆ ಎಂದು ನಂಬಿ ಬಾಳಿದವರು. ಅವರ ಕಸುಬಿನಲ್ಲಿ ಎಣ್ಣೆಯಿಂದ ಕೆಟ್ಟದ್ದು ಎಂಬುದೇ ಇಲ್ಲ.

ಮನೆಗೆ ಬರುವ ದಾರಿಯಲ್ಲಿ ಅವರಾಗಿಯೇ ಹೇಳಿದರು. ಮದುವೆಯಾದ ಹೊಸತರಲ್ಲಿ ನನ್ನ ತವರಿಗೆ ಊಟಕ್ಕೆ ಬಂದಿದ್ದಾಗ ಆದದ್ದಂತೆ. ಅಣ್ಣ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸುವಾಗ ಬ್ರೇಕು ಬೀದಿಗೆಲ್ಲ ಕೇಳುವ ಹಾಗೆ ಕಿರುಗುಟ್ಟಿತಂತೆ. ಅವನು ಸ್ನಾನಕ್ಕೆ ಹೋದದ್ದೇ ಇವರು ಚಕ್ರ ಬಿಚ್ಚಿ, ಎಣ್ಣೆ ಹಾಕಿ, ಚೂರು ಸಿಕ್ಕಿಸಿ, ಮತ್ತೆ ಜೋಡಿಸಿಟ್ಟರಂತೆ.

"ಹೇಳ್ಬೇಕಿತ್ತಲ್ರೀ ಅವತ್ತೇ" ಎಂದೆ.

"ಸದ್ದು ನಿಂತಿದ್ದನ್ನ ಅವರೇ ಗಮನಿಸ್ಲಿ, ಅವರೇ ಕೇಳ್ಲಿ ಅಂತ ಸುಮ್ನಿದ್ದೆ. ಹೊಸ ಅಳಿಯ ನೋಡು." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು, "ಮರುದಿನ ಅವರು ಬಿದ್ರು. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಂಗೆ ಹೊಳೀಲೇ ಇಲ್ಲ. ದೇವರಾಣೆಗೂ ಇಲ್ಲ."

ನಾನು ನಂಬಿದೆ. ನಂಬಿದರೂ ಕೋಪ ಇಳಿಯಲಿಲ್ಲ. "ಅಣ್ಣನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ಬ್ರೇಕ್ ಮುಗೀಲಿ."

ಅವರು ಕೆಲಸ ಮಾಡಿದ್ದನ್ನು ನಾನು ಬಟ್ಟೆ ಕತ್ತರಿಸುತ್ತಲೇ ನೋಡುತ್ತಿದ್ದೆ. ಸಾಬೂನು ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡರು. ಶೂಗಳು ಉಜ್ಜುವ ಡ್ರಮ್ಮಿನ ಒಳಗನ್ನು ಪೆಟ್ರೋಲಿನಲ್ಲಿ ಒರೆಸಿ, ಒಣಗಿಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಮತ್ತೆ ಒರೆಸಿದರು. ಹೊಸ ಲೈನರಿನ ಶೂಗಳನ್ನು ಅಂಚು ಹಿಡಿದೇ ಎತ್ತಿದರು. ಸ್ಪ್ರಿಂಗ್ ಎಳೆದು ಕೂರಿಸುವಾಗ ಇಕ್ಕಳ ಜಾರಿ ಬೆರಳು ತರಚಿಕೊಂಡರು, ರಕ್ತ ಲೈನರಿಗೆ ತಾಗೀತೆಂದು ಅದಕ್ಕೆ ನನ್ನ ಅಂಗಡಿಯ ಚಿಂದಿ ಬಟ್ಟೆಯನ್ನು ದಪ್ಪಗೆ ಸುತ್ತಿಕೊಂಡರು. ಎಣ್ಣೆ ಡಬ್ಬಿಯನ್ನು ಅವರೇ ಅಡುಗೆಮನೆಯ ಅಟ್ಟಕ್ಕೆ ಸಾಗಿಸಿಬಿಟ್ಟಿದ್ದರು. ಅಷ್ಟು ಭಯದಿಂದ ಅವರು ಕೆಲಸ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಕನಿಕರವಾಯಿತು. ಆದರೆ ಅದನ್ನು ಅವರಿಗೆ ಹೇಳಲಿಲ್ಲ.

ಮುಗಿದ ಸಂಜೆ ಅಣ್ಣನನ್ನು ಕರೆಸಿದೆವು. ಅವನು ಹಿಂದಿನ ಜಾಗದಲ್ಲೇ ಕಾಲು ಚಾಚಿ ಕೂತ. ಈ ಸಲ ಇಸ್ತ್ರಿ ಅಂಗಿ ಇರಲಿಲ್ಲ. ನಮ್ಮವರು ಮುಂದಿನ ಚಕ್ರ ಎತ್ತಿ ತಿರುಗಿಸಿ ಬ್ರೇಕು ಹಿಡಿದರು. ಚಕ್ರ ತಟ್ಟನೆ ನಿಂತಿತು. ಜೊತೆಗೆ ಕಿರ್ ಎಂದು ಉದ್ದಕ್ಕೆ ಸದ್ದು ಬಂತು. ಹೊಸ ಲೈನರು ಕೂರುವ ತನಕ ಹಾಗೆಯೇ ಎಂದು ಅಂಟಿಸುವವನು ಮೊದಲೇ ಹೇಳಿದ್ದ.

ಒಳಗಿದ್ದ ಮಗಳ ಕಿವಿಗೆ ಅದು ಬಿದ್ದಿತು. ಅಪ್ಪನ ಮಗಳಲ್ಲವೇ, ಅಟ್ಟವನ್ನೆಲ್ಲ ಹುಡುಕಿ ಎಣ್ಣೆ ಡಬ್ಬಿ ಹಿಡಿದು ಬಂದೇಬಿಟ್ಟಳು. "ಅಪ್ಪಾ, ಕಿರ್ ಅಂತಿದೆ. ತಗೊ."

"ಬೇಡಮ್ಮ. ಅದು ಹಾಗೇ ಕಿರುಗುಟ್ಟಲಿ."

ನಮ್ಮ ಮನೆಯಲ್ಲಿ ಅಂಥ ಮಾತು ಯಾರೂ ಕೇಳಿದ್ದಿಲ್ಲ. ಅಣ್ಣ ಜೋರಾಗಿ ನಕ್ಕ. "ಎಣ್ಣೆ ಡಾಕ್ಟ್ರಿಗೆ ಮೈಗೆ ಹುಷಾರಿಲ್ಲ, ನಾಡಿ ನೋಡ್ರೋ ಯಾರಾದ್ರೂ."

ನಮ್ಮವರು ನಗಲಿಲ್ಲ. ಅವನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಒಳಗಿದ್ದ ಚೂರನ್ನು ಅವನ ಅಂಗೈ ಮೇಲಿಟ್ಟರು. "ಭಾವ, ಇದು ನಿಮ್ಮ ಬ್ರೇಕಿನೊಳಗೆ ಇತ್ತು."

ಅದು ಏನೆಂದು ಅಣ್ಣನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾರವನ್ನು ಉಗುರಿನಿಂದ ಸರಿಸಿ ಕೆಂಪನ್ನು ನೋಡಿದ. "ಯಾವಾಗ ಇಟ್ರಿ?"

"ನೀವು ಬಿದ್ರಲ್ಲ, ಅದರ ಹಿಂದಿನ ದಿನ. ಸದ್ದು ನಿಲ್ಲಿಸೋಣ ಅಂತ ಎಣ್ಣೆ ಹಾಕ್ದೆ. ಅಲ್ಲಿಗೆ ಹಾಕ್ಬಾರ್ದು ಅಂತ ಗೊತ್ತಿರ್ಲಿಲ್ಲ. ನೀವು ಬ್ರೇಕ್ ಹಿಡಿದಿದ್ರಿ ಭಾವ. ಅದು ನಿಲ್ಲೋ ಹಾಗಿರ್ಲಿಲ್ಲ, ಅಷ್ಟೇ."

ಅಣ್ಣ ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿ ಎಂದು ಆಸೆಯೂ ಇತ್ತು. ಅವನು ಚೂರನ್ನು ಎಡಗೈಗೆ ಬದಲಾಯಿಸಿ, ಬಲಗೈಯ ಬೆರಳುಗಳನ್ನು ಮೆಲ್ಲಗೆ ಒಳಗೆ ಮಡಚಿದ, ಬ್ರೇಕು ಹಿಡಿದ ಹಾಗೆ. ಬಿಟ್ಟ. ಮತ್ತೆ ಮಡಚಿದ.

"ಹಿಡಿದಿದ್ದೆ" ಎಂದ.

"ಹಿಡಿದಿದ್ರಿ."

ಅವನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಡಬ್ಬಿ ಹಿಡಿದು ನಿಂತಲ್ಲೇ ನಿಂತಿದ್ದ ನನ್ನ ಮಗಳ ಕಡೆ ತಿರುಗಿದ.

"ಬಾ ಇಲ್ಲಿ, ಕೂತ್ಕೊ. ನಿಮ್ಮಪ್ಪ ಇನ್ನೊಂದ್ಸಲ ಹೇಳ್ತಾರೆ, ನೀನೂ ಕೇಳು."

ಅವಳು ಕೂತಳು. ನಮ್ಮವರು ಮೊದಲಿಂದ ಹೇಳಿದರು.