ಕಲ್ಲಿನ ಮೇಲೆ ಕೂತ ರಾಣಿ

ನಮ್ಮ ಯಜಮಾನರಿಗೆ ಮಾತು ಬರುತ್ತದೆ ಎಂದು ನನಗೆ ತಿಳಿದದ್ದು ಪೆನುಕೊಂಡೆಯ ಕೋಟೆಯಲ್ಲಿ, ಅದೂ ಅವರು ಇನ್ನೊಬ್ಬಳ ಜೊತೆ ಆಡುವುದನ್ನು ಕೇಳಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು ಇದು. ಕಲ್ಯಾಣದುರ್ಗದಿಂದ ಹಿಂದೂಪುರದ ಈ ಬೆಲ್ಲದ ಮಂಡಿಯವರ ಮನೆಗೆ ನಾನು ಸೊಸೆಯಾಗಿ ಬಂದು ವರ್ಷಗಳೇ ಆಗಿದ್ದವು. "ಊಟಕ್ಕೆ ಹಾಕು", "ಬಾಗ್ಲು ಹಾಕ್ಕೋ" ಎಂಬುದಕ್ಕಿಂತ ಹೆಚ್ಚಿನದು ನನ್ನ ಪಾಲಿಗೆ ಬಂದಿರಲಿಲ್ಲ.

ಅವರಿಗೆ ಹಳೇ ಕೋಟೆಗಳ ಹುಚ್ಚು. ಯಾರಾದರೂ ನೋಡಬೇಕೆಂದು ಬಂದರೆ ಮಂಡಿಯನ್ನು ತಮ್ಮನಿಗೆ ಬಿಟ್ಟು, ಬೆಳಗಿನ ರೈಲಿಗೆ ಪೆನುಕೊಂಡೆಗೆ ಕರೆದೊಯ್ದು, ದಿನವೆಲ್ಲ ನಡೆಸಿ ತೋರಿಸುತ್ತಿದ್ದರು. ಶಾಸನದಲ್ಲಿ ಇಲ್ಲದ ಮಾತು ತಮ್ಮ ಬಾಯಲ್ಲಿ ಬರುವುದಿಲ್ಲ ಎಂಬುದು ಅವರ ದೊಡ್ಡ ಜಂಬ. ಆ ಸಲ ಬಂದವಳು ಬೆಂಗಳೂರಿನ ಶಾಲೆಯೊಂದರ ಉಪಾಧ್ಯಾಯಿನಿ, ಬನಶಂಕರಿ ಅಂತ. ಅತ್ತೆ ನನ್ನನ್ನು ಕರೆದರು.

"ಕರಿಬಸಮ್ಮಾ, ಗಂಡ್ಸು ಒಬ್ನೇ ಒಬ್ಳು ಹೆಂಗ್ಸನ್ನ ಗುಡ್ಡಕ್ಕೆ ಕರ್ಕೊಂಡೋದ್ರೆ ನೋಡ್ದೋರು ಏನಂತಾರೆ? ಬುತ್ತಿ ಕಟ್ಕೊಂಡು ನೀನೂ ಹೋಗು ಕಣಮ್ಮ."

ಹೋದೆ. ಗಂಡನ ಪಕ್ಕದಲ್ಲಿ ಹೆಂಡತಿ ನಡೆಯುವ ಪದ್ಧತಿ ನಮ್ಮಲ್ಲಿಲ್ಲ, ನಾಲ್ಕು ಮಾರು ಹಿಂದೆ ಬರಬೇಕು. ಪರಸ್ಥಳದವಳಿಗೆ ಆ ಕಟ್ಟು ಎಲ್ಲಿಯದು? ಅವಳು ಅವರ ಪಕ್ಕದಲ್ಲೇ ನಡೆದಳು.

ಕೋಟೆಯ ಎರ್ರಮಂಚಿ ಬಾಗಿಲಲ್ಲಿ ಅವರು ಕೈಯೆತ್ತಿ ದೊಡ್ಡ ಹನುಮಂತನನ್ನು ತೋರಿಸಿದರು. ಹಂಪೆ ಹಾಳಾದ ಮೇಲೆ ಬೊಕ್ಕಸವನ್ನೆಲ್ಲ ಆನೆಗಳ ಮೇಲೆ ಹೇರಿಕೊಂಡು ರಾಜರು ಇಲ್ಲಿಗೆ ಬಂದದ್ದನ್ನು ಗಗನ್ ಮಹಲಿನ ಮುಂದೆ ಹೇಳಿದರು. ಆನೆ ಹೇಗೆ ನಡೆಯಿತು ಎಂದು ತಾವೇ ನಡೆದು ತೋರಿಸಿದರು! ಅರ್ಧ ಮಾತು ನನಗೆ ಕೇಳಿಸಿತು, ಅರ್ಧ ಗಾಳಿಗೆ ಹೋಯಿತು.

"ಅಮರೇಶಪ್ಪನವರೇ, ಆಮೇಲೆ?" ಎಂದು ಅವಳು ಕೇಳುತ್ತಿದ್ದಳು.

ನಾನು ನಾಲಿಗೆಯ ಮೇಲೆ ತರಬಾರದ ಹೆಸರು ಅವಳ ಬಾಯಲ್ಲಿ ಎಲೆಅಡಿಕೆಯ ಹಾಗೆ ಓಡಾಡುತ್ತಿತ್ತು. ಹೊಟ್ಟೆಗೆ ಬೆಂಕಿ ಬಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿದ್ದಾರೆಯೇ? ಅವಳು ಕೆಟ್ಟವಳಾಗಿದ್ದರಾದರೂ ಬೈದುಕೊಂಡು ಸಮಾಧಾನ ಪಡಬಹುದಿತ್ತು. ಬುತ್ತಿ ಬಿಚ್ಚಿದಾಗ ನನ್ನ ಚಟ್ನಿಪುಡಿಯನ್ನು ಹೊಗಳಿದಳು.

"ಪುಣ್ಯ ಮಾಡಿದ್ರಿ ನೀವು. ದಿನಾ ಮನೇಲೇ ಇಂಥ ಕಥೆ ಕೇಳ್ಬಹುದು."

ಅವಳ ಬಾಯಿ ಮುಚ್ಚಿಸಲು ಇನ್ನೆರಡು ರೊಟ್ಟಿ ಬಡಿಸಿದೆ.

ಸಂಜೆ ಬನಶಂಕರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದಳು. ನಾವಿಬ್ಬರೇ ಸ್ಟೇಷನ್ನಿನ ದಾರಿ ಹಿಡಿದೆವು. ಅವರು ಮುಂದೆ, ಮತ್ತೆ ಮೂಗ. ನನಗೆ ರೇಗಿತು. ದಾರಿಬದಿಯಲ್ಲಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅವರು ಬಹಳ ದೂರ ಹೋಗಿ, ಹಿಂದೆ ಯಾರೂ ಇಲ್ಲವೆಂದು ತಿಳಿದು ವಾಪಸ್ಸು ಬಂದರು.

"ಯಾಕೆ, ಕಾಲ್ ನೋಯ್ತಾವಾ?"

"ಈ ಕಲ್ಲಿನ ಕಥೆ ನಿಮ್ಗೆ ಗೊತ್ತಾ?"

"ಇದ್ಕೇನು ಕಥೆ? ಕಲ್ಲು."

"ಒಬ್ಳು ರಾಣಿ ಇಲ್ಲಿ ಕೂತ್ಬುಟ್ಳಂತೆ. ರಾಜ ಯಾವಾಗ್ಲೂ ಮುಂದೆ ಮುಂದೆ ಹೊರಟೋಗ್ತಿದ್ನಂತೆ. ಪಕ್ಕದಾಗೆ ಕೂತು ಮಾತಾಡೋಗಂಟ ಏಳಾಕಿಲ್ಲ ಅಂದ್ಳಂತೆ."

"ಯಾವ ಶಾಸನ್ದಾಗೈತೆ ಇದು?"

"ನನ್ ಹೊಟ್ಟೇಲೈತೆ."

ಸೌದೆ ಹೊತ್ತ ಹೆಂಗಸರು ಎದುರಿಗೆ ಬರುತ್ತಿದ್ದರು. "ಏಮಮ್ಮಾ, ಆಯಾಸಮಾ?" ಎಂದು ಒಬ್ಬಳು ತೆಲುಗಿನಲ್ಲಿ ನನ್ನ ದಣಿವು ಕೇಳಿದಳು. ಆ ಹೆಂಗಸರು ನೋಡುತ್ತಿದ್ದಂತೆಯೇ ನಮ್ಮವರು ಟವೆಲಿನಿಂದ ಕಲ್ಲು ಒರೆಸಿ ನನ್ನ ಪಕ್ಕದಲ್ಲಿ ಕೂತರು.

"ಆಮೇಲೆ?" ಎಂದರು.

ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ರಾಣಿ ರಾಜನನ್ನು ಬೈದಳು, ಅಳಿಸಿದಳು, ಕಾಲು ಒತ್ತಿಸಿಕೊಂಡಳು. ಅವರು ನಕ್ಕರು. ರೈಲು ತಪ್ಪಿತು, ತಪ್ಪಲಿ ಎಂದುಕೊಂಡೆ.

ಯುಗಾದಿ ಕಳೆದ ಮೇಲೆ ಬನಶಂಕರಿ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಮತ್ತೆ ಬಂದಳು. ಬುತ್ತಿ ಹೊತ್ತು ನಾನೂ ಹಿಂದೆ. ಸ್ಟೇಷನ್ನಿನಿಂದ ಬರುತ್ತಾ ನಮ್ಮವರು ಆ ಕಲ್ಲಿನ ಹತ್ತಿರ ನಿಂತರು.

"ಒಬ್ಳು ರಾಣಿ ಇಲ್ಲಿ ಕೂತ್ಬುಟ್ಳಂತೆ," ಎಂದು ಶುರು ಮಾಡಿದರು.

ನನ್ನ ಕಥೆ! ನನಗಿಂತ ಚೆನ್ನಾಗಿ ಹೇಳುತ್ತಿದ್ದರು, ಪಾಪಿ. ರಾಣಿಗೆ ಒಂದು ಪಲ್ಲಕ್ಕಿ, ಚಾಮರ ಬೇರೆ ಸೇರಿಸಿದ್ದರು. ಬನಶಂಕರಿ ಅಯ್ಯೋ ಪಾಪ ಎನ್ನುತ್ತಾ ಆ ಕಲ್ಲಿನ ಮೇಲೆಯೇ ಕೂತಳು. ಆನೆ, ಬೊಕ್ಕಸ, ಹನುಮಂತ, ಎಲ್ಲವನ್ನೂ ಅವಳೇ ಇಟ್ಟುಕೊಳ್ಳಲಿ. ಇದೊಂದು ನನ್ನದಾಗಿತ್ತು.

"ಸುಳ್ಳು!" ಎಂದು ಕೂಗಿದೆ. ಬುತ್ತಿ ಸಮೇತ ಅವರ ನಡುವೆ ನುಗ್ಗಿದೆ. "ಅದೆಲ್ಲಾ ಸುಳ್ಳು ಕಣಮ್ಮ. ಅಂಥಾ ರಾಣಿ ಯಾರೂ ಇರ್ನಿಲ್ಲ. ಎದ್ದೇಳಿ, ಬಿಸ್ಲು ಏರ್ತದೆ."

ಎಲ್ಲರೂ ನಮ್ಮವರ ಮುಖ ನೋಡಿದರು. ಅವರು ನನ್ನ ಮುಖ ನೋಡಿದರು. ನನ್ನ ಹೆಂಡ್ತಿ ಹೇಳಿದ ಕಥೆ ಎಂದು ಅಂದಿದ್ದರೆ ಅವರ ಮಾನ ಉಳಿಯುತ್ತಿತ್ತು.

"ಹೌದು," ಎಂದರು ಬನಶಂಕರಿಗೆ. "ಯಾವ ಶಾಸನದಲ್ಲೂ ಇಲ್ಲ. ನಾನೇ ಕಟ್ಟಿ ಹೇಳ್ದೆ."

ಬನಶಂಕರಿ ಎದ್ದು ಸೀರೆ ಕೊಡವಿಕೊಂಡಳು. ಹಾಗಾದರೆ ಹೋದ ಸಲ ಹೇಳಿದ್ದರಲ್ಲಿ ಇನ್ನೆಷ್ಟು ಕಟ್ಟಿದ್ದು ಎಂದು ಕೇಳಿದಳು. ಅವರು ತಲೆ ತಗ್ಗಿಸಿ ನಿಂತರು, ನನ್ನ ಹೆಸರು ಎತ್ತಲಿಲ್ಲ. ರಾಣಿ ನಮ್ಮಿಬ್ಬರ ನಡುವೆಯೇ ಉಳಿದಳು, ನನ್ನ ಹೊಟ್ಟೆ ತಣ್ಣಗಾಯಿತು.