ತಮ್ಮನ ಹನ್ನೆರಡು ಗಿಡ

ತಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸಂಶೋಧನಾಲಯದ ಗಾಜಿನ ಮನೆಯಲ್ಲಿ ಅವನು ರೂಪಿಸಿದ ಹೊಗೆಸೊಪ್ಪಿನ ತಳಿ ಹನ್ನೆರಡೇ ಕುಂಡಗಳಲ್ಲಿ ಉಳಿದಿತ್ತು. ಹಳೆಯ ಬೀಜ ಮುಗಿದಿತ್ತು. ಇವುಗಳ ಕಾಯಿ ಬಲಿತರೆ ತಳಿ ಉಂಟು, ಇಲ್ಲವಾದರೆ ಇಲ್ಲ. ಅಲ್ಲೇ ಗಿಡಗಳ ಉಸ್ತುವಾರಿಗಿದ್ದ ಅಕ್ಕ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು.

ಕಾಯಿ ಇನ್ನೂ ಎಳಸಾಗಿದ್ದಾಗ ಕೂಲರ್ ಕೆಟ್ಟಿತು. ನಾಲ್ಕು ದಿನ ಒಳಗೆ ಬೇಯುವ ಸೆಕೆ. ಗಿಡಗಳು ಮಾತ್ರ ಹಸಿರು ಬಿಡಲಿಲ್ಲ.

"ಥೇಟ್ ನಿನ್ನ ತಮ್ಮನ ಹಾಗೇ ಮೊಂಡು ಇವು," ಎಂದ ಮಾಲಿ ಅಜ್ಜ. "ನಾನೇ ಬಾಡಿ ಬದನೆಕಾಯಿ ಆಗಿದೀನಿ, ಇವು ನೋಡು ತಾಯಿ, ಮದುಮಕ್ಕಳ ಹಾಗೆ ನಿಂತಿವೆ!"

ಎಷ್ಟೋ ದಿನದ ಮೇಲೆ ಅವಳು ನಕ್ಕಳು. ಐದನೇ ದಿನ ಕೂಲರ್ ರಿಪೇರಿಯಾದದ್ದೇ ತಡ, ತಾನೇ ಗುಂಡಿ ಒತ್ತಿ ಇಪ್ಪತ್ತೆರಡು ಡಿಗ್ರಿಗೆ ಇಳಿಸಿದಳು. "ಪಾಪ, ಸ್ವಲ್ಪ ಸುಧಾರಿಸ್ಕೊಳ್ಳಿ," ಎಂದು ಬಾಗಿಲೆಳೆದುಕೊಂಡಳು.

ಮರುದಿನ ಬೆಳಿಗ್ಗೆ ಹನ್ನೆರಡು ಗಿಡವೂ ಸುಟ್ಟ ಕಾಗದದಂತೆ ಜೋತುಬಿದ್ದಿದ್ದವು.

"ಯಾರ್ ತಾಯಿ ವಿಷ ಹಾಕಿದ್ದು?" ಎಂದ ಅಜ್ಜ.

ಅವಳಿಗೆ ತಮ್ಮನ ಮಾತು ನೆನಪಾಯಿತು. ತಮ್ಮ ಊಟಕ್ಕೆ ಕೂತಾಗಲೂ ಅದೇ ಪುರಾಣ ಬಿಚ್ಚುತ್ತಿದ್ದ: ಈ ತಳಿಯಲ್ಲೊಂದು ಜೀನ್ ಇದೆ. ಅದು ತಯಾರಿಸುವ ಪ್ರೋಟೀನು ಜೀವಕೋಶದೊಳಗಿನ ಕಾವಲುಗಾರ. ವೈರಸ್ ಕಂಡರೆ ಆ ಕೋಶವನ್ನೇ ಸಾಯಿಸುತ್ತದೆ. ಎಲೆಯ ಮೇಲೆ ಸಣ್ಣ ಕಲೆ ಬೀಳುತ್ತದೆ, ಗಿಡ ಉಳಿಯುತ್ತದೆ. ಸೆಕೆ ಮಿತಿಮೀರಿದರೆ ಕಾವಲುಗಾರ ಮಲಗುತ್ತಾನೆ. ವೈರಸ್ ಸದ್ದಿಲ್ಲದೆ ಮೈತುಂಬ ಹರಡುತ್ತದೆ. ಆಮೇಲೆ ತಂಪಾಯಿತೋ, ಅವನು ಎದ್ದು, ಎಲ್ಲೆಲ್ಲೂ ಶತ್ರುವನ್ನೇ ಕಂಡು, ಎಲ್ಲವನ್ನೂ ಒಟ್ಟಿಗೆ ಕೊಲ್ಲುತ್ತಾನೆ.

ವೈರಸ್ ಬಂದದ್ದೆಲ್ಲಿಂದ? ಕೂಲರ್ ಕೆಟ್ಟ ದಿನ ಪಕ್ಕದ ಕೋಣೆಯ ರೋಗದ ಗಿಡಗಳನ್ನು ಚಿವುಟಿ, ಕೈ ತೊಳೆಯದೆ ಬಂದು ಇವುಗಳ ಕುಡಿ ಮುರಿದವಳು ಅವಳೇ. ತಮ್ಮನ ಗಿಡ, ಇವಕ್ಕೇನೂ ಆಗುವುದಿಲ್ಲ ಎಂಬ ಧೈರ್ಯ.

"ನಾನೇ ಅಜ್ಜಾ."

"ಸೆಕೆಗೆ ತಂಪು ಮಾಡಿದ್ದು ತಪ್ಪಾ? ಸುಮ್ನಿರು."

"ಬಿಸಿಯಲ್ಲೇ ಬಿಟ್ಟಿದ್ರೆ ಬೀಜ ಆಗ್ತಿತ್ತೇನೋ. ರೋಗ ಇಟ್ಕೊಂಡೇ ಬದುಕಿರ್ತಿದ್ವು."

ಕಾಯಿಯೊಂದನ್ನು ಸೀಳಿದಳು. ಬೀಜವಿರಬೇಕಾದಲ್ಲಿ ಬೆಳ್ಳನೆ ನೀರು. ಹನ್ನೆರಡನೆಯ ಗಿಡದ್ದು ಸೀಳಿದಾಗಲೂ ಅಷ್ಟೇ.

ರೋಗದ ಗಿಡವನ್ನು ಕುದಿಸಿಯೇ ಹೊರಹಾಕಬೇಕೆಂಬುದು ಅಲ್ಲಿಯ ನಿಯಮ. ಅಜ್ಜ ಚೀಲ ತಂದ. "ಕೊಡು, ನಾನ್ ಹಾಕ್ತೀನಿ."

"ಬೇಡ."

ಒಂದೊಂದನ್ನೇ ಕಿತ್ತು, ಬೇರಿನ ಮಣ್ಣು ಮೆಲ್ಲಗೆ ಕೊಡವಿ, ಮಗುವನ್ನು ಮಲಗಿಸುವಂತೆ ಚೀಲದೊಳಗಿಟ್ಟಳು. ಚೀಲದ ಬಾಯಿ ಹಿಡಿದುಕೊಂಡು ಅಜ್ಜ ಅತ್ತ ತಿರುಗಿ ನಿಂತಿದ್ದ.